ಓಡುವವನಿಗೆ ಕಡಿಮೆ, ಎಸೆಯುವವನಿಗೆ ಹೆಚ್ಚು

2018ರ ಏಪ್ರಿಲ್ 26ರ ರಾತ್ರಿ ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ವಾರ್ಷಿಕ ಡ್ರಾಫ್ಟ್ ಶುರುವಾಯಿತು. ಎರಡನೆಯ ಸರದಿ ನ್ಯೂಯಾರ್ಕ್ ಜೈಂಟ್ಸ್ ತಂಡದ್ದು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದ ಸೇಕ್ವಾನ್ ಬಾರ್ಕ್ಲಿ ಎಂಬ ರನ್ನಿಂಗ್ ಬ್ಯಾಕ್ ಅನ್ನು ಅವರು ಆರಿಸಿಕೊಂಡರು. ಆ ವರ್ಷ ಕಾಲೇಜಿನಿಂದ ಬಂದ ಹುಡುಗರಲ್ಲಿ ಬಾರ್ಕ್ಲಿಗಿಂತ ಪ್ರತಿಭಾವಂತ ಇನ್ನೊಬ್ಬನಿಲ್ಲ ಎನ್ನುವವರು ಬೇಕಾದಷ್ಟು ಮಂದಿ ಇದ್ದರು. ಅವರ ಮಾತು ಸುಳ್ಳಾಗಲಿಲ್ಲ. ಮೊದಲ ವರ್ಷವೇ ಬಾರ್ಕ್ಲಿ 1,307 ಗಜ ಓಡಿ, ಆಕ್ರಮಣ ವಿಭಾಗದ ಶ್ರೇಷ್ಠ ಹೊಸಬನೆಂಬ ಪ್ರಶಸ್ತಿಯನ್ನೂ ಗೆದ್ದರು. ಆದರೂ ಲೆಕ್ಕ ಬಲ್ಲವರು ಆ ಆಯ್ಕೆಯನ್ನು ಅಂದೇ ತಪ್ಪು ಎಂದಿದ್ದರು, ಇವತ್ತಿಗೂ ಹಾಗೇ ಅನ್ನುತ್ತಾರೆ. ಆಟಗಾರ ಅಪ್ಪಟ ಚಿನ್ನ, ಕೊಂಡದ್ದು ಮಾತ್ರ ನಷ್ಟದ ವ್ಯಾಪಾರ. ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದು ತಿಳಿದರೆ ಆ ಲೀಗಿನ ಇಡೀ ವ್ಯವಹಾರ ತಿಳಿದಂತೆ.

ಇದು ನಾವು ನೋಡುವ ಕಾಲ್ಚೆಂಡಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಹಿಡಿದವನನ್ನು ಅಡ್ಡಹಾಕಿ ನೆಲಕ್ಕೆ ಕೆಡಹುವ ಆಟ ಅದು. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಯಾರ ಬಳಿ ಇದೆಯೋ ಅವರಿಗೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಚೆಂಡು ಯಾರಿಗೆ ಹೋಗಬೇಕೆಂದು ತೀರ್ಮಾನಿಸುವವನು, ಎಸೆಯುವವನು ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಅಪ್ಪಿಕೊಂಡು ಗುಂಪಿನೊಳಗೆ ನುಗ್ಗುವವನು ರನ್ನಿಂಗ್ ಬ್ಯಾಕ್. ದೂರ ಓಡಿಹೋಗಿ ಎಸೆತ ಹಿಡಿಯುವವನು ವೈಡ್ ರಿಸೀವರ್. ಇವರಿಗೆಲ್ಲ ಗೋಡೆಯಾಗಿ ನಿಲ್ಲುವವರು ಐದು ಜನ ದೈತ್ಯರು: ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ಎದುರಾಳಿ ಪಾಳೆಯದಲ್ಲಿ ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುವ ಎಡ್ಜ್ ರಷರ್, ರಿಸೀವರ್‌ನ ಬೆನ್ನು ಬಿಡದ ಕಾರ್ನರ್‌ಬ್ಯಾಕ್, ನಡುವಿನ ಲೈನ್‌ಬ್ಯಾಕರ್, ಕಟ್ಟಕಡೆಗೆ ಕಾವಲಿರುವ ಸೇಫ್ಟಿ. ಕ್ರಿಕೆಟ್‌ನಲ್ಲಿ ಬೌಲರ್ ಕೂಡ ಬ್ಯಾಟ್ ಹಿಡಿಯಲೇಬೇಕು. ಇಲ್ಲಿ ಆ ಗೊಡವೆಯಿಲ್ಲ. ಮುನ್ನೂರು ಪೌಂಡ್ ತೂಗುವ ಗಾರ್ಡ್ ಜೀವಮಾನದಲ್ಲಿ ಒಂದು ಎಸೆತ ಹಿಡಿಯದೆಯೇ ನಿವೃತ್ತನಾಗಬಹುದು. ಪ್ರತಿ ಜಾಗಕ್ಕೂ ಬೇರೆ ದೇಹ, ಬೇರೆ ಕಸುಬು. ಹಾಗಾಗಿ ಪ್ರತಿ ಜಾಗಕ್ಕೂ ಬೇರೆ ಮಾರುಕಟ್ಟೆ.

ಡ್ರಾಫ್ಟ್ ಎಂದರೆ, ಶಾಲೆಯ ಬಯಲಿನಲ್ಲಿ ಕಬಡ್ಡಿಗೆ ಮೊದಲು ಇಬ್ಬರು ನಾಯಕರು ಸರದಿಯಂತೆ ಹುಡುಗರನ್ನು ಕರೆದುಕೊಳ್ಳುತ್ತಾರಲ್ಲ, ಅದೇ ಪದ್ಧತಿ. ಇಲ್ಲಿ ನಾಯಕರು ಇಬ್ಬರಲ್ಲ, 32 ತಂಡಗಳು, ಏಳು ಸುತ್ತು. ಹಿಂದಿನ ವರ್ಷ ಯಾರು ಅತ್ಯಂತ ಕಳಪೆಯಾಗಿ ಆಡಿದರೋ ಅವರಿಗೆ ಮೊದಲ ಕರೆ. 1935ರಲ್ಲಿ ಈ ಉಪಾಯ ಮುಂದಿಟ್ಟವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್. ಆ ವರ್ಷ ತಳದಲ್ಲಿದ್ದದ್ದು ಅವರದೇ ತಂಡ ಎಂಬುದನ್ನೂ ಮರೆಯಬಾರದು. 1936ರ ಮೊದಲ ಡ್ರಾಫ್ಟ್‌ನಲ್ಲಿ ಅವರು ಮೊದಲಿಗೆ ಕರೆದ ಜೇ ಬರ್ವಾಂಗರ್ ಸಂಬಳ ಹೊಂದಲಿಲ್ಲವೆಂದು ವೃತ್ತಿಪರ ಪಂದ್ಯವನ್ನೇ ಆಡಲಿಲ್ಲ. ಡ್ರಾಫ್ಟ್‌ನಲ್ಲಿ ದುಡ್ಡಿನ ಜಗಳ ಹುಟ್ಟಿನಿಂದಲೇ ಬಂದದ್ದು.

ನಮ್ಮ ಐಪಿಎಲ್‌ನಲ್ಲಿ ಹರಾಜು ಇರುವುದರಿಂದ ಯಾವ ಆಟಗಾರನಿಗೆ ಎಷ್ಟು ಬೆಲೆ ಎಂಬುದು ಕೂಗಿನಲ್ಲೇ ಗೊತ್ತಾಗುತ್ತದೆ. ಡ್ರಾಫ್ಟ್‌ನಲ್ಲಿ ಕೂಗು ಇಲ್ಲ. ಬೆಲೆಯನ್ನು ಬೇರೆ ಕಡೆ ಹುಡುಕಬೇಕು, ಅದಕ್ಕೆ ಎರಡು ನಿಯಮ ತಿಳಿದಿರಬೇಕು. ಒಂದು, 1994ರಿಂದ ಜಾರಿಯಲ್ಲಿರುವ ಸಂಬಳದ ಮಿತಿ. ಒಂದು ತಂಡ ಇಡೀ ವರ್ಷಕ್ಕೆ ಆಟಗಾರರ ಮೇಲೆ ಇಷ್ಟೇ ಖರ್ಚು ಮಾಡಬೇಕೆಂಬ ಕಟ್ಟುಪಾಡು. 2025ರಲ್ಲಿ ಆ ಮೊತ್ತ 27.92 ಕೋಟಿ ಡಾಲರ್. ಮಾಲೀಕ ಕುಬೇರನೇ ಆಗಿದ್ದರೂ ಮಿತಿ ಎಲ್ಲರಿಗೂ ಒಂದೇ. ಎರಡು, 2011ರಲ್ಲಿ ಬಂದ ಹೊಸಬರ ಸಂಬಳದ ಪಟ್ಟಿ. ಅದಕ್ಕೂ ಮೊದಲು ಡ್ರಾಫ್ಟ್ ಆದವರು ಚೌಕಾಸಿ ಮಾಡಿ ಸಂಬಳ ಗಿಟ್ಟಿಸುತ್ತಿದ್ದರು. 2010ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫೋರ್ಡ್ ಅವರಿಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ನ ಒಪ್ಪಂದ ಸಿಕ್ಕಿತ್ತು. ಮರುವರ್ಷ ಅದೇ ಸ್ಥಾನದಲ್ಲಿ ಬಂದ ಕ್ಯಾಮ್ ನ್ಯೂಟನ್ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ. ಹೊಸ ನಿಯಮದಲ್ಲಿ ಸಂಬಳ ನಿಂತಿರುವುದು ಎಷ್ಟನೆಯವನಾಗಿ ಆಯ್ಕೆಯಾದೆ ಎಂಬುದರ ಮೇಲೆ. ಯಾವ ಜಾಗದಲ್ಲಿ ಆಡುತ್ತಾನೆ ಎಂದು ಪಟ್ಟಿ ಕೇಳುವುದಿಲ್ಲ. ಎರಡನೆಯವನಾಗಿ ಬಂದವನು ಕ್ವಾರ್ಟರ್‌ಬ್ಯಾಕ್ ಆಗಿರಲಿ, ಚೆಂಡು ಒದೆಯುವ ಕಿಕರ್ ಆಗಿರಲಿ, ಸಂಬಳ ಅಷ್ಟೇ.

ಇಡೀ ಲೆಕ್ಕದ ಕೀಲಿ ಇಲ್ಲಿದೆ. ಮತ್ತೆ 2018ಕ್ಕೆ ಹೋಗೋಣ. ಎರಡನೆಯವರಾದ ಬಾರ್ಕ್ಲಿ ಅವರಿಗೆ ನಾಲ್ಕು ವರ್ಷಕ್ಕೆ ಸುಮಾರು 3.12 ಕೋಟಿ ಡಾಲರ್, ಅಂದರೆ ವರ್ಷಕ್ಕೆ 78 ಲಕ್ಷ. ಆ ಹೊತ್ತಿಗೆ ಅಟ್ಲಾಂಟಾದ ಪಳಗಿದ ರನ್ನಿಂಗ್ ಬ್ಯಾಕ್ ಡೆವೊಂಟಾ ಫ್ರೀಮನ್ ಅವರ ದೀರ್ಘಾವಧಿ ಒಪ್ಪಂದ ವರ್ಷಕ್ಕೆ 82.5 ಲಕ್ಷ; ಆ ಜಾಗದಲ್ಲಿ ಅದು ಮುಂಚೂಣಿಯ ಸಂಬಳ. ಅಂದರೆ ಒಂದೂ ಪಂದ್ಯ ಆಡುವ ಮೊದಲೇ ಬಾರ್ಕ್ಲಿ ತಮ್ಮ ಕಸುಬಿನ ಮೇಲ್ಪಂಕ್ತಿಯವರಿಗೆ ಸರಿಸಮಾನ ಸಂಬಳ ಪಡೆದರು. ಜೈಂಟ್ಸ್‌ಗೆ ಉಳಿದದ್ದೇನೂ ಇಲ್ಲ. ಅವರ ಬೆನ್ನಿಗೇ ಮೂರನೆಯವರಾಗಿ ನ್ಯೂಯಾರ್ಕ್ ಜೆಟ್ಸ್ ಸೇರಿದ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಲ್ಡ್ ಅವರ ಸಂಬಳ ವರ್ಷಕ್ಕೆ 75 ಲಕ್ಷದ ಆಸುಪಾಸು. ಅದೇ ವರ್ಷ ಮಾರ್ಚ್‌ನಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡ ಬಹಿರಂಗ ಮಾರುಕಟ್ಟೆಯಲ್ಲಿ ಕರ್ಕ್ ಕಸಿನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ಗೆ ತೆತ್ತದ್ದು ಮೂರು ವರ್ಷಕ್ಕೆ 8.4 ಕೋಟಿ, ಅಂದರೆ ವರ್ಷಕ್ಕೆ 2.8 ಕೋಟಿ ಡಾಲರ್. ಹೊಸ ಹುಡುಗ ಕಸಿನ್ಸ್ ಮಟ್ಟಕ್ಕೆ ಆಡಿದರೆ ಪ್ರತಿ ವರ್ಷ ತಂಡಕ್ಕೆ ಎರಡು ಕೋಟಿ ಡಾಲರ್ ಉಳಿತಾಯ. ಆ ದುಡ್ಡಿನಲ್ಲಿ ಆಗ ಒಬ್ಬ ಉತ್ತಮ ಟ್ಯಾಕಲ್, ಜೊತೆಗೊಬ್ಬ ರಿಸೀವರ್ ಬರುತ್ತಿದ್ದರು.

ಹೀಗಾಗಿ ಡ್ರಾಫ್ಟ್‌ನಲ್ಲಿ ತಂಡಗಳು ಕೊಳ್ಳುವುದು ನಾಲ್ಕು ವರ್ಷದ ಅಗ್ಗದ ಸಂಬಳವನ್ನು. ಹುಡುಗ ಅದರ ಜೊತೆಗೆ ಬರುತ್ತಾನೆ. ಮಾತು ಒರಟಾಯಿತು, ಆದರೆ ಅವರ ಕಚೇರಿಗಳಲ್ಲಿ ನಡೆಯುವ ಲೆಕ್ಕ ಹೀಗೇ ಇದೆ. ಯಾವ ಜಾಗದ ಪಳಗಿದ ಆಟಗಾರ ಮಾರುಕಟ್ಟೆಯಲ್ಲಿ ಅತಿ ದುಬಾರಿಯೋ, ಆ ಜಾಗವನ್ನು ಡ್ರಾಫ್ಟ್‌ನ ಮೇಲಿನ ಸರದಿಯಲ್ಲಿ ತುಂಬಿಕೊಳ್ಳಬೇಕು. ಅಗ್ಗವಾಗಿ ಸಿಗುವ ಜಾಗಕ್ಕೆ ಆ ಸರದಿ ಸುರಿದರೆ ಸರದಿ ದಂಡ.

ಡಾರ್ನಲ್ಡ್ ಜೆಟ್ಸ್‌ನಲ್ಲಿ ಹೊಳೆಯಲಿಲ್ಲ, 2021ರಲ್ಲಿ ಅವರನ್ನು ಬೇರೆ ತಂಡಕ್ಕೆ ದಾಟಿಸಿದರು ಎಂಬುದೂ ನಿಜ. ಎರಡು ಕೋಟಿಯ ಉಳಿತಾಯ ಕಾಗದದ ಮೇಲೇ ಉಳಿಯಿತು. ಹಾಗಾದರೆ ಜೈಂಟ್ಸ್ ಮಾಡಿದ್ದೇ ಸರಿಯಲ್ಲವೇ? ಅಲ್ಲ. ಅವರ ಮುಂದೆ ಮೂರನೆಯದೊಂದು ದಾರಿ ಇತ್ತು, ಅದನ್ನು ಇಂಡಿಯಾನಾಪೊಲಿಸ್ ಕೋಲ್ಟ್ಸ್ ತೋರಿಸಿಕೊಟ್ಟಿತ್ತು. ಆ ವರ್ಷ ಮೂರನೆಯ ಸರದಿ ಮೂಲತಃ ಕೋಲ್ಟ್ಸ್‌ನದು. ಕ್ವಾರ್ಟರ್‌ಬ್ಯಾಕ್‌ಗಾಗಿ ಹಪಹಪಿಸುತ್ತಿದ್ದ ಜೆಟ್ಸ್‌ಗೆ ಅದನ್ನು ಬಿಟ್ಟುಕೊಟ್ಟು ಆರನೆಯ ಸರದಿಗೆ ಇಳಿದರು, ಇಳಿದದ್ದಕ್ಕೆ ಎರಡನೆಯ ಸುತ್ತಿನ ಮೂರು ಆಯ್ಕೆಗಳನ್ನು ಹೆಚ್ಚಿಗೆ ಪಡೆದರು. ಆರನೆಯ ಸರದಿಯಲ್ಲಿ ಅವರಿಗೆ ಕ್ವೆಂಟನ್ ನೆಲ್ಸನ್ ಎಂಬ ಗಾರ್ಡ್ ಸಿಕ್ಕರು. ಮುಂದೆ ಆ ಜಾಗದ ಶ್ರೇಷ್ಠರಲ್ಲೊಬ್ಬರೆನಿಸಿದರು. ಹೆಚ್ಚಿಗೆ ಬಂದ 37ನೆಯ ಆಯ್ಕೆಯಲ್ಲಿ ಬ್ರೇಡನ್ ಸ್ಮಿತ್ ಎಂಬ ಟ್ಯಾಕಲ್ ಸಿಕ್ಕರು. ಜೈಂಟ್ಸ್ ತಮ್ಮ ಸರದಿಯನ್ನು ಹಾಗೇ ಮಾರಬಹುದಿತ್ತು. ಕೊಳ್ಳುವವರು ಮನೆ ಬಾಗಿಲಲ್ಲೇ ನಿಂತಿದ್ದ ವರ್ಷ ಅದು: ಮೊದಲ ಹತ್ತರಲ್ಲಿ ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಬಾರ್ಕ್ಲಿ ಬಂದ ಮೇಲಿನ ನಾಲ್ಕು ಋತುಗಳಲ್ಲಿ ಜೈಂಟ್ಸ್ ಗೆದ್ದದ್ದು ಕ್ರಮವಾಗಿ ಐದು, ನಾಲ್ಕು, ಆರು, ನಾಲ್ಕು ಪಂದ್ಯಗಳು.

ಕ್ವಾರ್ಟರ್‌ಬ್ಯಾಕ್ ಹುಚ್ಚು ಎಷ್ಟು ಎನ್ನುವುದಕ್ಕೆ ಮೊದಲ ಆಯ್ಕೆಯ ಪಟ್ಟಿಯೇ ಸಾಕು. 2015ರಿಂದ 2025ರವರೆಗಿನ ಹನ್ನೊಂದು ಡ್ರಾಫ್ಟ್‌ಗಳಲ್ಲಿ ಒಂಬತ್ತು ಸಲ ಮೊದಲ ಕರೆ ಕ್ವಾರ್ಟರ್‌ಬ್ಯಾಕ್‌ಗೇ ಹೋಯಿತು. ಉಳಿದ ಎರಡು ಸಲ ಹೋದದ್ದು ಕ್ವಾರ್ಟರ್‌ಬ್ಯಾಕ್‌ನನ್ನು ಬೇಟೆಯಾಡುವವರಿಗೆ, 2017ರಲ್ಲಿ ಮೈಲ್ಸ್ ಗ್ಯಾರೆಟ್, 2022ರಲ್ಲಿ ಟ್ರೇವಾನ್ ವಾಕರ್. 2024ರಲ್ಲಿ ಮೊದಲ ಹನ್ನೆರಡು ಆಯ್ಕೆಗಳಲ್ಲಿ ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು. ಹೆಚ್ಚುಕಡಿಮೆ ಪ್ರತಿ ಆಟದಲ್ಲೂ ಚೆಂಡು ಮುಟ್ಟುವವನು, ನಿರ್ಧಾರ ತೆಗೆದುಕೊಳ್ಳುವವನು ಅವನೊಬ್ಬನೇ. ಸಾಧಾರಣ ಕ್ವಾರ್ಟರ್‌ಬ್ಯಾಕ್‌ಗೂ ಅತ್ಯುತ್ತಮನಿಗೂ ಇರುವ ಅಂತರ ಬೇರಾವ ಜಾಗದಲ್ಲೂ ಇಲ್ಲ. ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್ 2024ರಲ್ಲಿ ವರ್ಷಕ್ಕೆ 6 ಕೋಟಿ ಡಾಲರ್ ಸರಾಸರಿಯ ಒಪ್ಪಂದಕ್ಕೆ ಸಹಿ ಹಾಕಿದರು. ಅಂಥವನೊಬ್ಬನಿಗೆ ತಂಡದ ಇಡೀ ಮಿತಿಯ ಐದನೇ ಒಂದು ಭಾಗ ಎತ್ತಿಡುವ ಬದಲು ಹೊಸಬನಿಂದ ನಾಲ್ಕು ವರ್ಷ ಆಡಿಸಿಕೊಂಡರೆ ಎಷ್ಟು ಲಾಭ!

ಆ ಆಸೆಗೆ ಬಿದ್ದು ಕೈ ಸುಟ್ಟುಕೊಂಡವರ ಪಟ್ಟಿಯೂ ಉದ್ದವಾಗಿದೆ. 2023ರಲ್ಲಿ ಕ್ಯಾರೊಲಿನಾ ಪ್ಯಾಂಥರ್ಸ್ ಒಂಬತ್ತನೆಯ ಸರದಿಯಿಂದ ಮೊದಲನೆಯದಕ್ಕೆ ಏರಲು ಶಿಕಾಗೊ ಬೇರ್ಸ್‌ಗೆ ಕೊಟ್ಟದ್ದು ಆ ವರ್ಷದ ಎರಡು ಆಯ್ಕೆ, ಮರುವರ್ಷದ ಮೊದಲ ಸುತ್ತಿನದೊಂದು, 2025ರ ಎರಡನೆಯ ಸುತ್ತಿನದೊಂದು, ಮೇಲೆ ಡಿ.ಜೆ. ಮೂರ್ ಎಂಬ ಉತ್ತಮ ರಿಸೀವರ್. ಇಷ್ಟೆಲ್ಲ ಕೊಟ್ಟು ಬ್ರೈಸ್ ಯಂಗ್ ಅವರನ್ನು ತಂದರು. ಆ ಋತುವಿನಲ್ಲಿ ಪ್ಯಾಂಥರ್ಸ್ 17ರಲ್ಲಿ ಎರಡೇ ಪಂದ್ಯ ಗೆದ್ದು ತಳ ಸೇರಿತು. ಹಾಗಾಗಿ ಅವರು ಕೊಟ್ಟಿದ್ದ ಮರುವರ್ಷದ ಆಯ್ಕೆಯೇ ಇಡೀ ಡ್ರಾಫ್ಟ್‌ನ ಮೊದಲನೆಯದಾಗಿ ಬೇರ್ಸ್ ಕೈಸೇರಿತು. ಬೇರ್ಸ್ ಅದರಿಂದ ತಮ್ಮ ಕ್ವಾರ್ಟರ್‌ಬ್ಯಾಕ್ ಕ್ಯಾಲೆಬ್ ವಿಲಿಯಮ್ಸ್ ಅವರನ್ನು ಆರಿಸಿಕೊಂಡರು.

ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಕಥೆ ಇನ್ನೂ ರುಚಿಯಾಗಿದೆ. 2021ರಲ್ಲಿ ಮೂರನೆಯ ಸರದಿಗಾಗಿ ಅವರು ಮೂರು ವರ್ಷದ ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟು ಟ್ರೇ ಲಾನ್ಸ್ ಅವರನ್ನು ತಂದರು. ಲಾನ್ಸ್ ಆ ತಂಡಕ್ಕೆ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ್ದು ನಾಲ್ಕೇ ಪಂದ್ಯ. ಮರುವರ್ಷ, 2022ರಲ್ಲಿ, ಡ್ರಾಫ್ಟ್‌ನ ಕಟ್ಟಕಡೆಯ, 262ನೆಯ ಆಯ್ಕೆಯಲ್ಲಿ ಬ್ರಾಕ್ ಪರ್ಡಿ ಎಂಬ ಹುಡುಗನನ್ನು ಕರೆದುಕೊಂಡಿದ್ದರು. ಕೊನೆಯವನಾಗಿ ಬಂದವನನ್ನು ‘ಮಿಸ್ಟರ್ ಇರ್‍ರೆಲೆವೆಂಟ್’ ಎಂದು ಗೇಲಿ ಮಾಡುವ ಪದ್ಧತಿ ಅಲ್ಲಿದೆ. 2024ರ ಫೆಬ್ರುವರಿಯಲ್ಲಿ ನಡೆದ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್‌ಗೆ ತಂಡವನ್ನು ಕೊಂಡೊಯ್ದದ್ದು ಅದೇ ಪರ್ಡಿ. ಆ ಋತುವಿನಲ್ಲಿ ಅವರ ಮೂಲ ಸಂಬಳ 8.7 ಲಕ್ಷ ಡಾಲರ್. ಕ್ವಾರ್ಟರ್‌ಬ್ಯಾಕ್ ಮೇಲೆ ಉಳಿದ ದುಡ್ಡಿನಿಂದ ಬೋಸಾ, ಮೆಕ್‌ಕ್ಯಾಫ್ರಿ, ಟ್ರೆಂಟ್ ವಿಲಿಯಮ್ಸ್‌ರಂಥ ದುಬಾರಿ ತಾರೆಗಳನ್ನು ತಂಡ ಸಾಕಿಕೊಂಡಿತ್ತು. 2025ರಲ್ಲಿ ಪರ್ಡಿ ಐದು ವರ್ಷಕ್ಕೆ 26.5 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡರು, ಅಲ್ಲಿಗೆ ಅಗ್ಗದ ಕಾಲ ಮುಗಿಯಿತು.

ಕ್ವಾರ್ಟರ್‌ಬ್ಯಾಕ್ ರಾಜನಾದರೆ ಉಳಿದ ದುಬಾರಿ ಜಾಗಗಳೆಲ್ಲ ಅವನ ಸುತ್ತಲೇ ಹುಟ್ಟಿದವು. 1985ರ ನವೆಂಬರ್ 18ರಂದು ವಾಷಿಂಗ್ಟನ್ ತಂಡದ ಜೋ ಥೈಸ್‌ಮನ್ ಮೇಲೆ ಜೈಂಟ್ಸ್‌ನ ಲಾರೆನ್ಸ್ ಟೇಲರ್ ಎರಗಿದರು. ಥೈಸ್‌ಮನ್ ಅವರ ಬಲಗಾಲು ಮುರಿದದ್ದನ್ನು ಅಮೆರಿಕ ಟಿವಿಯಲ್ಲಿ ನೇರ ನೋಡಿತು. ಅವರು ಮತ್ತೆಂದೂ ಆಡಲಿಲ್ಲ. ಬಲಗೈಯಿಂದ ಎಸೆಯುವವನಿಗೆ ಎಡಬದಿಯ ಹಿಂದಿನಿಂದ ಬರುವವನು ಕಾಣುವುದಿಲ್ಲ. ಆ ಕುರುಡು ಬದಿಯನ್ನು ಕಾಯುವ ಲೆಫ್ಟ್ ಟ್ಯಾಕಲ್ ಹೇಗೆ ಗೋಡೆಯ ಒಂದು ಇಟ್ಟಿಗೆಯಾಗಿದ್ದವನು ತಾರೆಯಾದ ಎಂಬುದನ್ನು ಮೈಕೆಲ್ ಲೂಯಿಸ್ 2006ರಲ್ಲಿ ಬರೆದ ‘ದಿ ಬ್ಲೈಂಡ್ ಸೈಡ್’ ಪುಸ್ತಕ ವಿವರಿಸುತ್ತದೆ. 1978ರಲ್ಲಿ ರಿಸೀವರ್‌ಗಳನ್ನು ಅಡ್ಡಹಾಕುವುದಕ್ಕೆ ನಿಯಮದ ಕಡಿವಾಣ ಬಿದ್ದ ಮೇಲೆ ಎಸೆತದ ಆಟವೇ ಮೇಲಾಗುತ್ತ ಬಂತು. ಎಸೆಯುವವನು ದುಬಾರಿಯಾದ, ಅವನನ್ನು ಕಾಯುವ ಟ್ಯಾಕಲ್, ಅವನ ಮೇಲೆ ಎರಗುವ ಎಡ್ಜ್ ರಷರ್, ಅವನ ಎಸೆತ ಹಿಡಿಯುವ ರಿಸೀವರ್, ಹಿಡಿಯಗೊಡದ ಕಾರ್ನರ್‌ಬ್ಯಾಕ್ ಎಲ್ಲರೂ ಒಬ್ಬರ ಹಿಂದೊಬ್ಬರು ದುಬಾರಿಯಾದರು. 2025ರಲ್ಲಿ ಗ್ಯಾರೆಟ್ ಅವರ ಸರಾಸರಿ ವರ್ಷಕ್ಕೆ 4 ಕೋಟಿ, ರಿಸೀವರ್ ಜಮಾರ್ ಚೇಸ್ ಅವರದು 4.025 ಕೋಟಿ ಡಾಲರ್ ಮುಟ್ಟಿತು. ದೇಹದ ಮಾತೂ ಇದೆ. ಆರೂವರೆ ಅಡಿ ಎತ್ತರ, ಮುನ್ನೂರಕ್ಕೂ ಮೀರಿದ ತೂಕ, ಆದರೂ ನರ್ತಕನಂತೆ ಹೆಜ್ಜೆಯಿಡುವ ಮನುಷ್ಯರು ಭೂಮಿಯ ಮೇಲೆ ಹುಟ್ಟುವುದೇ ಅಪರೂಪ. ಕಂಡಾಗ ಹಿಡಿದುಕೊಳ್ಳಬೇಕು, ಐದನೆಯ ಸುತ್ತಿಗೆ ಕಾದರೆ ಸಿಗುವುದಿಲ್ಲ.

ಇದೇ ಕಾಲದಲ್ಲಿ ರನ್ನಿಂಗ್ ಬ್ಯಾಕ್ ಕೆಳಗಿಳಿದ. 2005ರ ಡ್ರಾಫ್ಟ್‌ನಲ್ಲಿ ಮೊದಲ ಐದರಲ್ಲಿ ಮೂವರು ರನ್ನಿಂಗ್ ಬ್ಯಾಕ್‌ಗಳು. ಆ ವರ್ಷ ಕ್ವಾರ್ಟರ್‌ಬ್ಯಾಕ್ ಏರನ್ ರಾಜರ್ಸ್ 24ನೆಯ ಸರದಿಯವರೆಗೆ ಕಾದು ಕೂತಿದ್ದರು. 2013, 2014, ಆಮೇಲೆ 2024ರ ಡ್ರಾಫ್ಟ್‌ಗಳಲ್ಲಿ ಮೊದಲ ಸುತ್ತಿನಲ್ಲಿ ಒಬ್ಬನೇ ಒಬ್ಬ ರನ್ನಿಂಗ್ ಬ್ಯಾಕ್ ಇಲ್ಲ. ಮೊದಲ ಆಯ್ಕೆಯಾಗಿ ಈ ಜಾಗದವನನ್ನು ಕೊನೆಯ ಬಾರಿ ಕರೆದದ್ದು 1995ರಲ್ಲಿ. ಆ ಹುಡುಗ ಕಿ-ಜಾನಾ ಕಾರ್ಟರ್ ಋತು ಶುರುವಾಗುವ ಮೊದಲೇ ಮಂಡಿ ಮುರಿದುಕೊಂಡರು.

ಮಂಡಿ, ಹಿಮ್ಮಡಿಗಳ ಭಯ ಒಂದು ಕಾರಣ ಮಾತ್ರ. ದೊಡ್ಡ ಕಾರಣ ಡೆನ್ವರ್‌ನಲ್ಲಿ ಕಾಣಿಸಿತ್ತು. 1995ರಲ್ಲಿ ಆರನೆಯ ಸುತ್ತಿನಲ್ಲಿ ಬಂದ ಟೆರೆಲ್ ಡೇವಿಸ್ 1998ರಲ್ಲಿ 2,008 ಗಜ ಓಡಿದರು. ಮರುವರ್ಷ ಅವರು ಗಾಯಗೊಂಡಾಗ ನಾಲ್ಕನೆಯ ಸುತ್ತಿನ ಹೊಸ ಹುಡುಗ ಒಲಾಂಡಿಸ್ ಗ್ಯಾರಿ 1,159 ಗಜ ಓಡಿದರು. ಅದರ ಮುಂದಿನ ವರ್ಷ ಆರನೆಯ ಸುತ್ತಿನ ಮೈಕ್ ಆಂಡರ್ಸನ್ 1,487 ಗಜ. ಆಟಗಾರ ಬದಲಾಗುತ್ತಿದ್ದ, ಗಜ ಬದಲಾಗುತ್ತಿರಲಿಲ್ಲ. ಮೈಕ್ ಶ್ಯಾನಹನ್ ಅವರ ತರಬೇತಿ, ಮುಂದೆ ನಿಂತ ಐವರ ಗೋಡೆ, ಇವೇ ಆ ಓಟದ ಬಂಡವಾಳ. ಡೇವಿಸ್ ಉಳಿದಿಬ್ಬರಿಗಿಂತ ಎಷ್ಟೋ ಮೇಲಿನವರು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಮೇಲ್ಮೆಗೆ ಎಷ್ಟು ತೆರಬೇಕು ಎಂದು ತಂಡಗಳು ಕೇಳತೊಡಗಿದವು, ಉತ್ತರ ವರ್ಷವರ್ಷಕ್ಕೂ ಕಿರಿದಾಗುತ್ತ ಬಂತು.

ಗಾರ್ಡ್, ಸೆಂಟರ್, ಸೇಫ್ಟಿ, ನಡುವಿನ ಲೈನ್‌ಬ್ಯಾಕರ್‌ಗಳದೂ ಬಹಳ ಕಾಲ ಇದೇ ಪಾಡು. ಫಿಲಡೆಲ್ಫಿಯಾದ ಮಹಾನ್ ಸೆಂಟರ್ ಜೇಸನ್ ಕೆಲ್ಸಿ 2011ರಲ್ಲಿ 191ನೆಯವರಾಗಿ ಬಂದವರು. ಗೋಡೆಗೆ ಹೆಗಲು ಕೊಡುತ್ತ ಎಸೆತವನ್ನೂ ಹಿಡಿಯುವ ಟೈಟ್ ಎಂಡ್ ಜಾಗದಲ್ಲಿ ಇತಿಹಾಸದಲ್ಲೇ ಅತಿ ಮೇಲೆ, ನಾಲ್ಕನೆಯವರಾಗಿ ಆಯ್ಕೆಯಾದವರು 2021ರ ಕೈಲ್ ಪಿಟ್ಸ್. ಹೆಸರು ಮಾಡಿದವರು ಮಾತ್ರ ಮೂರನೆಯ ಸುತ್ತಿನ ಟ್ರಾವಿಸ್ ಕೆಲ್ಸಿ, ಐದನೆಯ ಸುತ್ತಿನ ಜಾರ್ಜ್ ಕಿಟಲ್. ಕಿಕರ್‌ಗಳ ಮಾತಂತೂ ಬೇಡ. 2000ದಲ್ಲಿ ಓಕ್ಲಂಡ್ ರೇಡರ್ಸ್ ಮೊದಲ ಸುತ್ತಿನಲ್ಲೇ, 17ನೆಯವರಾಗಿ, ಕಿಕರ್ ಸೆಬಾಸ್ಟಿಯನ್ ಜಾನಿಕೌಸ್ಕಿ ಅವರನ್ನು ಆರಿಸಿದಾಗ ಜನ ಬಾಯಿ ಮೇಲೆ ಬೆರಳಿಟ್ಟುಕೊಂಡರು. ಅದೇ ಡ್ರಾಫ್ಟ್‌ನಲ್ಲಿ 199ನೆಯವರಾಗಿ ಬಂದವರು ಮುಂದೆ ಮಹಾನ್ ಕ್ವಾರ್ಟರ್‌ಬ್ಯಾಕ್ ಎನಿಸಿದ ಟಾಮ್ ಬ್ರೇಡಿ.

ಜಾಗದ ಹೆಸರೇ ದುಡ್ಡು ಎಂಬುದಕ್ಕೆ 2014ರ ಒಂದು ವ್ಯಾಜ್ಯ ಸಾಕ್ಷಿ. ನ್ಯೂ ಆರ್ಲಿಯನ್ಸ್‌ನ ಜಿಮ್ಮಿ ಗ್ರಹಾಂ ಟೈಟ್ ಎಂಡ್ ಎಂದು ಕರೆಸಿಕೊಂಡರೂ ಹೆಚ್ಚಿನ ಹೊತ್ತು ರಿಸೀವರ್‌ನಂತೆ ಬದಿಗೆ ನಿಂತು ಆಡುತ್ತಿದ್ದರು. ಅವರನ್ನು ಟೈಟ್ ಎಂಡ್ ಎಂದರೆ ಆ ವರ್ಷದ ಸಂಬಳ 70 ಲಕ್ಷ ಡಾಲರ್, ರಿಸೀವರ್ ಎಂದರೆ 1.23 ಕೋಟಿ. ಪಂಚಾಯಿತಿಗೆ ಕೂತ ತೀರ್ಪುಗಾರರು ಟೈಟ್ ಎಂಡ್ ಎಂದೇ ತೀರ್ಮಾನಿಸಿದರು. ಮನುಷ್ಯ ಅವನೇ, ಕೆಲಸ ಅದೇ. ಎರಡು ಪದದ ಬಿರುದಿಗೆ ಐವತ್ತು ಲಕ್ಷ ಡಾಲರ್ ಮೀರಿದ ಅಂತರ.

ತಂಡಗಳು ಸರದಿಗಳನ್ನು ಅದಲು ಬದಲು ಮಾಡಿಕೊಳ್ಳಲು ಒಂದು ಪಟ್ಟಿ ಇಟ್ಟುಕೊಂಡಿರುತ್ತವೆ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್‌ನ ಕೋಚ್ ಜಿಮ್ಮಿ ಜಾನ್ಸನ್ ಕಾಲದಲ್ಲಿ ಹುಟ್ಟಿದ್ದು ಅದು; ಲೆಕ್ಕ ಹಾಕಿಕೊಟ್ಟವರು ತಂಡದ ಪಾಲುದಾರ ಮೈಕ್ ಮೆಕಾಯ್. ಮೊದಲ ಸರದಿಗೆ 3,000 ಅಂಕ, ಎರಡನೆಯದಕ್ಕೆ 2,600, ಹತ್ತನೆಯದಕ್ಕೆ 1,300, ಹದಿನಾರನೆಯದಕ್ಕೆ 1,000. ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಇದನ್ನು ಜರಡಿ ಹಿಡಿದರು. ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂದದ್ದು ಓದುಗರಿಗೆ ನೆನಪಿರಬಹುದು. 2013ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳಿದ್ದು ಇಷ್ಟು: ತಂಡಗಳು ಮೇಲಿನ ಸರದಿಗಳಿಗೆ ವಿಪರೀತ ಬೆಲೆ ಕಟ್ಟುತ್ತವೆ. ಒಂದೇ ಜಾಗದ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಬಂದವನಿಗಿಂತ ಮೇಲೆನಿಸುವ ಸಂಭವ ನೂರಕ್ಕೆ ಐವತ್ತಕ್ಕಿಂತ ತುಸು ಹೆಚ್ಚು, ಅಷ್ಟೇ. ನಾಣ್ಯ ಚಿಮ್ಮಿದ್ದಕ್ಕೂ ಅದಕ್ಕೂ ಬಹಳ ದೂರವಿಲ್ಲ. ಅವರು ಅಳೆದದ್ದು 2011ಕ್ಕೆ ಮೊದಲಿನ ದುಬಾರಿ ಸಂಬಳದ ಕಾಲವನ್ನು, ಈಗ ಮೇಲಿನ ಸರದಿಗಳೂ ಅಗ್ಗವಾಗಿವೆ ನಿಜ. ಆದರೆ ಮನುಷ್ಯರನ್ನು ಅಳೆಯುವುದರಲ್ಲಿ ತಂಡಗಳಿಗಿರುವ ಅತಿಯಾದ ಆತ್ಮವಿಶ್ವಾಸ ಅಗ್ಗವಾದಂತೆ ಕಾಣುವುದಿಲ್ಲ. 2018ರಲ್ಲಿ ಡಾರ್ನಲ್ಡ್ ಮೂರನೆಯವರು, ಜಾಶ್ ಆ್ಯಲನ್ ಏಳನೆಯವರು, ಲಮಾರ್ ಜಾಕ್ಸನ್ 32ನೆಯವರು. ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಮುಂದೆ ಬಂದದ್ದು ಕೊನೆಯ ಇಬ್ಬರಿಗೆ. ಯಾವ ಜಾಗ ದುಬಾರಿ ಎಂಬುದನ್ನು ಇವರು ಚೆನ್ನಾಗಿ ಬಲ್ಲರು. ಆ ಜಾಗಕ್ಕೆ ಯಾರು ಸರಿ ಎಂಬುದು ಅಷ್ಟು ಚೆನ್ನಾಗಿ ಗೊತ್ತಿಲ್ಲ.

ಅದಕ್ಕೇ ಈ ಲೆಕ್ಕವನ್ನು ವೇದವಾಕ್ಯ ಮಾಡಿಕೊಂಡವರೂ ಎಡವುತ್ತಾರೆ. 2023ರಲ್ಲಿ ಡೆಟ್ರಾಯಿಟ್ ಲಯನ್ಸ್ ಹನ್ನೆರಡನೆಯವರಾಗಿ ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್, ಹದಿನೆಂಟನೆಯವರಾಗಿ ಲೈನ್‌ಬ್ಯಾಕರ್ ಜ್ಯಾಕ್ ಕ್ಯಾಂಬೆಲ್, ಎರಡನೆಯ ಸುತ್ತಿನಲ್ಲಿ ಟೈಟ್ ಎಂಡ್ ಸ್ಯಾಮ್ ಲಪೋರ್ಟಾ ಅವರನ್ನು ಆರಿಸಿದರು. ಮೂರೂ ‘ಅಗ್ಗದ’ ಜಾಗಗಳು. ಪಂಡಿತರು ನಕ್ಕರು. ಮೂವರೂ ಗೆದ್ದರು, ಅದೇ ಋತುವಿನಲ್ಲಿ ತಂಡ ಸೂಪರ್ ಬೌಲ್‌ನ ಹೊಸ್ತಿಲವರೆಗೆ ಹೋಯಿತು. ಇದರಿಂದ ಲೆಕ್ಕ ಸುಳ್ಳಾಯಿತೇ? ನನಗೆ ಹಾಗನಿಸುವುದಿಲ್ಲ. ಲಯನ್ಸ್ ಬಳಿ ಆಗಲೇ ಜ್ಯಾರೆಡ್ ಗಾಫ್ ಎಂಬ ಕ್ವಾರ್ಟರ್‌ಬ್ಯಾಕ್, ಪೆನೈ ಸ್ಯೂವೆಲ್ ಎಂಬ ಟ್ಯಾಕಲ್, ಏಡನ್ ಹಚಿನ್ಸನ್ ಎಂಬ ಎಡ್ಜ್ ರಷರ್ ಇದ್ದರು. ದುಬಾರಿ ಕುರ್ಚಿಗಳು ತುಂಬಿದ ಮೇಲೆ ಉಳಿದದ್ದರಲ್ಲಿ ಇಷ್ಟ ಬಂದವನನ್ನು ಕೂರಿಸಬಹುದು. ಜೈಂಟ್ಸ್ ಮನೆಯಲ್ಲಿ 2018ರಲ್ಲಿ ಆ ಕುರ್ಚಿಗಳೇ ಖಾಲಿ ಇದ್ದವು.

ಬಾರ್ಕ್ಲಿ ಕಥೆಯ ಉತ್ತರಾರ್ಧ ಇದನ್ನೇ ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ಜೈಂಟ್ಸ್ ಅವರನ್ನು ಬಿಟ್ಟುಕೊಟ್ಟಿತು. ಈಗಲ್ಸ್ ಮೂರು ವರ್ಷಕ್ಕೆ 3.775 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು; ಡ್ರಾಫ್ಟ್‌ನ ಒಂದು ಆಯ್ಕೆಯನ್ನೂ ಖರ್ಚು ಮಾಡಲಿಲ್ಲ. ಖರ್ಚು ಮಾಡಿದ್ದು ಅವರ ಮುಂದಿನ ಗೋಡೆಯ ಮೇಲೆ. ಲೇನ್ ಜಾನ್ಸನ್ 2013ರ ನಾಲ್ಕನೆಯ ಆಯ್ಕೆ, ಲ್ಯಾಂಡನ್ ಡಿಕರ್ಸನ್ ಮತ್ತು ಕ್ಯಾಮ್ ಜರ್ಗನ್ಸ್ ಎರಡನೆಯ ಸುತ್ತಿನವರು. ಎಡತುದಿಯ ಜಾರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಆಟಗಾರ, ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನೇ ಆಡಿರದಿದ್ದ ಅವರನ್ನು 2018ರ ಏಳನೆಯ ಸುತ್ತಿನಲ್ಲಿ ಆರಿಸಿ ಪಳಗಿಸಿದ್ದರು. ಈ ಗೋಡೆಯ ಹಿಂದೆ ಬಾರ್ಕ್ಲಿ 2,005 ಗಜ ಓಡಿದರು. ಲೀಗ್‌ನ ಇತಿಹಾಸದಲ್ಲಿ ಒಂದು ಋತುವಿನಲ್ಲಿ ಎರಡು ಸಾವಿರ ದಾಟಿದ ಒಂಬತ್ತನೆಯವರು ಅವರು. 2025ರ ಫೆಬ್ರುವರಿ 9ರಂದು ಈಗಲ್ಸ್ ಸೂಪರ್ ಬೌಲ್ ಗೆದ್ದಿತು.

ತಂಡಗಳ ಲೆಕ್ಕ ತಂಡಗಳಿಗೆ ಸರಿ. ಆದರೆ ರನ್ನಿಂಗ್ ಬ್ಯಾಕ್‌ನ ಅಗ್ಗದ ಬೆಲೆಯನ್ನು ಬರೀ ಮಾರುಕಟ್ಟೆಯ ತೀರ್ಪು ಎಂದು ಒಪ್ಪಲು ನಾನು ಸಿದ್ಧನಿಲ್ಲ. ಈ ಜಾಗದಲ್ಲಿ ಮೈ ಗಟ್ಟಿಯಿರುವುದು ಇಪ್ಪತ್ತೊಂದರಿಂದ ಇಪ್ಪತ್ತೇಳರವರೆಗೆ. ಅದರಲ್ಲಿ ನಾಲ್ಕು ವರ್ಷ ಡ್ರಾಫ್ಟ್ ಒಪ್ಪಂದದಲ್ಲೇ ಕಳೆಯುತ್ತದೆ, ಮೊದಲ ಸುತ್ತಿನವನಾದರೆ ಐದನೆಯ ವರ್ಷವನ್ನೂ ತಂಡ ಹಿಡಿದಿಡಬಹುದು. ಆಮೇಲೂ ‘ಫ್ರಾಂಚೈಸ್ ಟ್ಯಾಗ್’ ಹಾಕಿ ವರ್ಷದ ಮಟ್ಟಿಗೆ ಕಟ್ಟಿಹಾಕಬಹುದು. ಅಂದರೆ ಬೆಲೆ ಕೇಳಬೇಕಾದ ವಯಸ್ಸಿನಲ್ಲಿ ಅವನಿಗೆ ಮಾರುಕಟ್ಟೆಯೇ ಇಲ್ಲ. ಪಿಟ್ಸ್‌ಬರ್ಗ್‌ನ ಲೆವಿಯನ್ ಬೆಲ್ 2018ರಲ್ಲಿ ಟ್ಯಾಗ್ ಒಪ್ಪದೆ ಇಡೀ ಋತು ಮನೆಯಲ್ಲಿ ಕೂತು ಪ್ರತಿಭಟಿಸಿದರು. 2023ರ ಜುಲೈನಲ್ಲಿ ಪ್ರಮುಖ ರನ್ನಿಂಗ್ ಬ್ಯಾಕ್‌ಗಳು ಆನ್‌ಲೈನ್ ಸಭೆ ಸೇರಿ ಕಷ್ಟ ಹೇಳಿಕೊಂಡರು. ಎರಡರಿಂದಲೂ ನಿಯಮ ಬದಲಾಗಲಿಲ್ಲ. ಕ್ವಾರ್ಟರ್‌ಬ್ಯಾಕ್ ಮೂವತ್ತೈದರಲ್ಲೂ ಆಡುತ್ತಾನೆ, ನಾಲ್ಕು ವರ್ಷ ಕಾದರೂ ಅವನ ಗಂಟು ಎಲ್ಲೂ ಹೋಗುವುದಿಲ್ಲ. ಒಂದೇ ನಿಯಮ ಒಬ್ಬನಿಗೆ ತಡ, ಇನ್ನೊಬ್ಬನಿಗೆ ಕಳವು.

2017ರಲ್ಲಿ ರನ್ನಿಂಗ್ ಬ್ಯಾಕ್‌ನ ಟ್ಯಾಗ್ ಸಂಬಳ 1.21 ಕೋಟಿ ಡಾಲರ್, 2024ರಲ್ಲಿ 1.195 ಕೋಟಿ. ಅದೇ ಏಳು ವರ್ಷಗಳಲ್ಲಿ ತಂಡಗಳ ಸಂಬಳದ ಮಿತಿ 16.7 ಕೋಟಿಯಿಂದ 25.54 ಕೋಟಿಗೆ ಏರಿತು. ಆಟಗಾರರ ಸಂಘ ಮತ್ತು ಲೀಗ್ 2020ರಲ್ಲಿ ಮಾಡಿಕೊಂಡ ಒಪ್ಪಂದ 2030ರ ಋತುವಿನವರೆಗೆ ಜಾರಿಯಲ್ಲಿರುತ್ತದೆ.